ದಾದಿಯ ವೇಷದಲ್ಲಿ ಮೀರಾ ಸಯಾಲ್

ಕಳೆದ ರಂಜಾನ್ ಹಬ್ಬದ ರಜೆಯಲ್ಲಿ ನನ್ನ ಅಣ್ಣ ಮೊಬೈಲಿನಲ್ಲಿ ಒಂದು ಹಳೆಯ ಬಿಬಿಸಿ ಕಾರ್ಯಕ್ರಮ ತೋರಿಸಿದ. ಲಂಡನ್ನಿನ ಒಂದು ಭಾರತೀಯ ಕುಟುಂಬ. ಮನೆಗೆ ಬಂದ ದೊಡ್ಡ ದೊಡ್ಡ ಸಿನಿಮಾ ನಟರನ್ನು ನರೆಗೂದಲಿನ ಒಬ್ಬ ಮುದುಕಿ ಸೋಫಾದಲ್ಲಿ ಕೂತು ಎಗ್ಗಿಲ್ಲದೆ ಗೋಳು ಹುಯ್ದುಕೊಳ್ಳುತ್ತಾಳೆ. ನಮ್ಮ ಜೊತೆ ನನ್ನ ದಾದಿಯೂ ನೋಡುತ್ತಿದ್ದರು. (ಕನ್ನಡದಲ್ಲಿ ದಾದಿ ಎಂದರೆ ನರ್ಸು, ನಮ್ಮ ಮನೆಯಲ್ಲಿ ಅಪ್ಪನ ತಾಯಿ.) ಇಂಗ್ಲಿಷಿನ ಒಂದು ಮಾತೂ ಬಾರದ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಮುದುಕಿಯ ಪಾತ್ರ ಮಾಡಿದವರಿಗೆ ಆಗ ನಲವತ್ತರ ಆಸುಪಾಸು ವಯಸ್ಸು ಎಂದು ಅಣ್ಣ ಹೇಳಿದರೆ ದಾದಿ ಒಪ್ಪಲೇ ಇಲ್ಲ.

ಅವರ ಹೆಸರು ಮೀರಾ ಸಯಾಲ್. ಹುಟ್ಟಿದಾಗ ಇಟ್ಟ ಹೆಸರು ಫಿರೋಜಾ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ 1961ರ ಜೂನ್ 27ರಂದು ಜನಿಸಿದರು. ತಂದೆ ತಾಯಿ ದೆಹಲಿಯಿಂದ ಹೋದ ಪಂಜಾಬಿಗಳು. ಬಾಲ್ಯ ಕಳೆದದ್ದು ಹತ್ತಿರದ ಎಸಿಂಗ್ಟನ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ. ಅಲ್ಲಿ ಸುತ್ತಲೂ ಬಿಳಿಯರೇ.

ಆ ಕಾಲ ಎಂಥದ್ದು ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ವುಲ್ವರ್‌ಹ್ಯಾಂಪ್ಟನ್ನಿನ ಸಂಸದ ಈನಾಕ್ ಪೊವೆಲ್ 1968ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಭಾಷಣ ಮಾಡಿದರು. ವಲಸೆ ಬಂದವರನ್ನು ಹೀಗೇ ಬಿಟ್ಟುಕೊಂಡರೆ ದೇಶಕ್ಕೆ ಕೇಡು ಎಂಬುದು ಅದರ ತಿರುಳು. ಪಕ್ಷದ ನಾಯಕರು ಅವರನ್ನು ಹುದ್ದೆಯಿಂದ ತೆಗೆದರು, ಆದರೆ ಎಷ್ಟೋ ಜನ ಅವರ ಪರವಾಗಿ ಬೀದಿಗಿಳಿದರು. ಆಗ ಮೀರಾಗೆ ಆರು ವರ್ಷ. ಅಂಥ ಊರಿನ ಬಾಲ್ಯವನ್ನೇ ಅವರು ಮುಂದೆ 1996ರಲ್ಲಿ ‘ಅನಿತಾ ಅಂಡ್ ಮಿ’ ಎಂಬ ಕಾದಂಬರಿ ಮಾಡಿದರು. ಅದು 2002ರಲ್ಲಿ ಸಿನಿಮಾ ಆಯಿತು, ಅಲ್ಲಿನ ಶಾಲೆಗಳಲ್ಲಿ ಪಠ್ಯವೂ ಆಯಿತು.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ನಾಟಕ ಓದಿದ ಮೀರಾ, ವಿದ್ಯಾರ್ಥಿನಿಯಾಗಿದ್ದಾಗಲೇ ಗೆಳತಿಯೊಬ್ಬಳ ಜೊತೆ ‘ಒನ್ ಆಫ್ ಅಸ್’ ಎಂಬ ನಾಟಕ ಬರೆದು, ಎಲ್ಲ ಪಾತ್ರಗಳನ್ನೂ ಒಬ್ಬರೇ ಅಭಿನಯಿಸಿದರು. ಅದು ಎಡಿನ್‌ಬರೋ ಉತ್ಸವಕ್ಕೆ ಹೋಯಿತು. ಅಲ್ಲಿಂದ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಕೆಲಸ ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಭಾರತೀಯ ಹೆಂಗಸರು ಒಂದು ದಿನ ಸಮುದ್ರ ನೋಡಲು ಹೋಗುವ ‘ಭಾಜಿ ಆನ್ ದ ಬೀಚ್’ (1993) ಸಿನಿಮಾದ ಚಿತ್ರಕಥೆಯೂ ಅವರದೇ. ನಿರ್ದೇಶನ ಗುರಿಂದರ್ ಚಡ್ಢಾ.

ಆದರೆ ಮನೆಮನೆಗೂ ಅವರನ್ನು ತಲುಪಿಸಿದ್ದು ‘ಗುಡ್‌ನೆಸ್ ಗ್ರೇಷಿಯಸ್ ಮಿ’. 1996ರಲ್ಲಿ ರೇಡಿಯೊದಲ್ಲಿ ಶುರುವಾಗಿ 1998ರಲ್ಲಿ ಟಿವಿಗೆ ಬಂತು. ಸಂಜೀವ್ ಭಾಸ್ಕರ್, ಕುಲ್ವಿಂದರ್ ಘಿರ್, ನೀನಾ ವಾಡಿಯಾ ಮತ್ತು ಮೀರಾ ಸೇರಿ ಮಾಡಿದ ಚಿಕ್ಕ ಚಿಕ್ಕ ಪ್ರಹಸನಗಳು. ಆ ಹೆಸರಿನ ಹಿಂದೆ ಒಂದು ಕಥೆಯಿದೆ. 1960ರಲ್ಲಿ ಪೀಟರ್ ಸೆಲ್ಲರ್ಸ್ ಎಂಬ ಬಿಳಿಯ ನಟ ಒಂದು ಸಿನಿಮಾದಲ್ಲಿ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಡಾ. ಕಬೀರ್ ಎಂಬ ಭಾರತೀಯ ವೈದ್ಯನಾಗಿದ್ದರು. ಆ ಪಾತ್ರದ ರಾಗದ ಇಂಗ್ಲಿಷಿನಲ್ಲಿ ಬಂದ ಹಾಡೇ ‘ಗುಡ್‌ನೆಸ್ ಗ್ರೇಷಿಯಸ್ ಮಿ’. ತಮ್ಮವರನ್ನು ಅಣಕಿಸಿದ ಹಾಡಿನ ಹೆಸರನ್ನೇ ಈ ನಾಲ್ವರು ಎತ್ತಿಕೊಂಡು, ಅದಕ್ಕೆ ಭಾಂಗ್ರಾ ತಾಳ ಹಾಕಿ ಶೀರ್ಷಿಕೆ ಸಂಗೀತ ಮಾಡಿಕೊಂಡರು!

ಅದರ ಒಂದು ಪ್ರಹಸನವನ್ನು ನಾನು ಐದಾರು ಸಲ ನೋಡಿದ್ದೇನೆ. ಇಂಗ್ಲೆಂಡಿನಲ್ಲಿ ಶುಕ್ರವಾರ ರಾತ್ರಿ ಕುಡಿದ ಹುಡುಗರ ಗುಂಪು ‘ಇಂಡಿಯನ್’ ಹೋಟೆಲಿಗೆ ನುಗ್ಗಿ, ಮಾಣಿಯನ್ನು ಗೇಲಿ ಮಾಡಿ, ಎಲ್ಲಕ್ಕಿಂತ ಖಾರದ್ದನ್ನೇ ಕೇಳುವುದು ಮಾಮೂಲಿ. (ಅಂಥ ಹೋಟೆಲುಗಳಲ್ಲಿ ಬಹಳಷ್ಟು ಬಾಂಗ್ಲಾದೇಶದವರದ್ದು, ಆದರೂ ಹೆಸರು ಇಂಡಿಯನ್.) ಪ್ರಹಸನದಲ್ಲಿ ಎಲ್ಲವೂ ತಿರುವುಮುರುವು. ಬಾಂಬೆಯ ಗೆಳೆಯರು ಅಮಲಿನಲ್ಲಿ ಇಂಗ್ಲಿಷ್ ಹೋಟೆಲಿಗೆ ಹೋಗುತ್ತಾರೆ. ಬಿಳಿಯ ಮಾಣಿಯ ಹೆಸರನ್ನು ಬೇಕೆಂದೇ ತಪ್ಪಾಗಿ ಕರೆಯುತ್ತಾರೆ. ಎಲ್ಲಕ್ಕಿಂತ ಸಪ್ಪೆಯಾದದ್ದು ಯಾವುದು ಎಂದು ಕೇಳುತ್ತಾರೆ. ಆಮೇಲೆ 24 ಪ್ಲೇಟ್ ಚಿಪ್ಸ್! ಅಕೌಂಟೆನ್ಸಿಯಲ್ಲಿ ತಪ್ಪು ಬದಿಗೆ ಬರೆದ ಮೊತ್ತವನ್ನು ಸರಿಯಾದ ಬದಿಗೆ ತಂದಂತೆ ನನಗೆ ಅನಿಸಿತು.

ಇದು ನನಗೆ ಅಷ್ಟು ತಟ್ಟಲು ಕಾರಣವಿದೆ. ಹೈಸ್ಕೂಲಿನ ವಾರ್ಷಿಕೋತ್ಸವದ ಕಿರುನಾಟಕದಲ್ಲಿ ನನಗೊಂದು ‘ಸಾಬರ ಹೆಂಗಸಿನ’ ಪಾತ್ರ ಕೊಟ್ಟಿದ್ದರು. “ನಮ್ದುಕೆ, ನಿಮ್ದುಕೆ” ಎನ್ನಬೇಕು, ಅಷ್ಟೇ. ನಾನು ಹಾಗೆ ಮಾತಾಡುವವಳಲ್ಲ, ಹಾಗಾಗಿ ಹಳೆಯ ಕನ್ನಡ ಸಿನಿಮಾ ನೋಡಿ ಕಲಿತೆ. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಬರೆದವರಿಗೂ ನಕ್ಕವರಿಗೂ ನಮ್ಮ ಮೇಲೆ ದ್ವೇಷವೇನೂ ಇರಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ಅಮ್ಮಿ ಮೆಲ್ಲಗೆ ಕೇಳಿದರು: “ನಾವು ಮಾತಾಡುವುದು ಅವರಿಗೆ ಹೀಗೆ ಕೇಳಿಸುತ್ತದಾ?” ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಸ್ವಲ್ಪ ದಿನ ಅಮ್ಮಿ ಅಂಗಡಿಯಲ್ಲಿ ಕನ್ನಡ ಮಾತಾಡದೆ ನನ್ನನ್ನೇ ಮುಂದೆ ಬಿಡುತ್ತಿದ್ದರು.

ಹಾಗೆಂದು ಮೀರಾ ತಮ್ಮವರನ್ನು ಗೇಲಿ ಮಾಡಲಿಲ್ಲವೇ? ಚೆನ್ನಾಗಿಯೇ ಮಾಡಿದರು. ತಂತಮ್ಮ ಮಗನೇ ದೊಡ್ಡವನೆಂದು ಪೈಪೋಟಿಗೆ ಬೀಳುವ ಇಬ್ಬರು ತಾಯಂದಿರು ಅದೇ ಕಾರ್ಯಕ್ರಮದಲ್ಲಿದ್ದಾರೆ. ನಮ್ಮ ಎಲ್ಲ ಮದುವೆಗಳಲ್ಲೂ ಅವರನ್ನು ನೋಡಿದ್ದೇನೆ. ಕಪೂರ್ ಎಂಬ ಹೆಸರನ್ನು ‘ಕೂಪರ್’ ಮಾಡಿಕೊಂಡು ತಾವು ಅಪ್ಪಟ ಇಂಗ್ಲಿಷರು ಎನ್ನುವ ಕುಟುಂಬವೂ ಇದೆ. ಉಚ್ಚಾರಣೆಯ ತಮಾಷೆಯೂ ಇದೆ. ಹಾಗಾದರೆ ವ್ಯತ್ಯಾಸವೇನು ಎಂದು ತುಂಬಾ ಯೋಚಿಸಿದೆ. ನನಗೆ ಕಂಡದ್ದು ಇಷ್ಟು: ನನ್ನ ಪಾತ್ರಕ್ಕೆ ನಾಲಿಗೆ ತೊದಲುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಮೀರಾ ಅವರ ಮುದುಕಿಯೂ ದೇಸಿ ಧಾಟಿಯಲ್ಲೇ ಮಾತಾಡುತ್ತಾಳೆ, ಆದರೆ ಆ ಮನೆಯಲ್ಲಿ ಎಲ್ಲರಿಗಿಂತ ಚುರುಕು ಅವಳೇ.

ದಾದಿ ನಕ್ಕ ಆ ಕಾರ್ಯಕ್ರಮ ‘ದ ಕುಮಾರ್ಸ್ ಅಟ್ ನಂಬರ್ 42’, 2001ರಿಂದ 2006ರವರೆಗೆ ಬಂತು. ಮುದುಕಿಯನ್ನು ಮನೆಯಲ್ಲಿ ‘ಉಮ್ಮಿ’ ಎನ್ನುತ್ತಾರೆ. ಅದಕ್ಕೆ 2002 ಮತ್ತು 2003ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂತು. ಮೊಮ್ಮಗನ ಪಾತ್ರ ಮಾಡಿದ ಸಂಜೀವ್ ಭಾಸ್ಕರ್ ಅವರನ್ನೇ ಮೀರಾ 2005ರಲ್ಲಿ ಮದುವೆಯಾದರು. ಇದನ್ನು ಕೇಳಿ ದಾದಿ “ತೌಬಾ ತೌಬಾ” ಎಂದರು.

ಅವರು ಬರೀ ನಗಿಸಲಿಲ್ಲ. 2014ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಮುಂಬೈ ವಿಮಾನ ನಿಲ್ದಾಣದ ಪಕ್ಕದ ಕೊಳೆಗೇರಿಯ ಗುಜರಿ ಕುಟುಂಬದ ತಾಯಿ ಜೆಹ್ರುನ್ನಿಸಾ ಆಗಿ ಅಭಿನಯಿಸಿದರು. ಬ್ರಿಟನ್ನಿನ ಸಿಬಿಇ ಗೌರವ 2015ರಲ್ಲಿ, ಬಾಫ್ಟಾ ಸಂಸ್ಥೆಯ ಅತಿ ದೊಡ್ಡ ಗೌರವವಾದ ಫೆಲೋಶಿಪ್ 2023ರಲ್ಲಿ ಸಿಕ್ಕಿತು.

ಈ ಸಲದ ಕಾಲೇಜು ದಿನಕ್ಕೆ ನಾನೂ ನನ್ನ ಬೆಂಚಿನ ಗೆಳತಿಯೂ ಸೇರಿ ಒಂದು ಪ್ರಹಸನ ಬರೆಯುತ್ತಿದ್ದೇವೆ. ಅವಳ ಮನೆಮಾತು ಕನ್ನಡ. ನಮ್ಮ ಮೊಹಲ್ಲಾದ ಮದುವೆಗೆ ಬಂದ ಕನ್ನಡದ ಹುಡುಗನೊಬ್ಬ ಉರ್ದು ಮಾತಾಡಲು ಹೊರಡುತ್ತಾನೆ. ಉರ್ದುವಿನಲ್ಲಿ ಕುರ್ಚಿ ಹೆಣ್ಣು, ಮೇಲಿನ ಪಂಖಾ ಗಂಡು. ಅವನು ಎಲ್ಲವನ್ನೂ ಅದಲುಬದಲು ಮಾಡುತ್ತಾನೆ, ಒಬ್ಬ ದಾದಿ ಅವನನ್ನು ತಿದ್ದುತ್ತಾ ತಿದ್ದುತ್ತಾ ತನ್ನ ಕನ್ನಡದಲ್ಲಿ ತಾನೇ ಎಡವುತ್ತಾಳೆ. ನಾಲ್ಕು ಪುಟ ಆಗಿದೆ. ಆ ಹುಡುಗನಿಗೂ ಒಂದೆರಡು ಜಾಣ ಮಾತು ಬೇಕೆಂದು ಗೆಳತಿ ಹಟ ಹಿಡಿದಿದ್ದಾಳೆ, ಕೊಟ್ಟಿದ್ದೇನೆ. ದಾದಿಯ ಪಾತ್ರ ನನ್ನದು. ಅಮ್ಮಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿಡಲು ಈಗಲೇ ಹೇಳಿಟ್ಟಿದ್ದೇನೆ.