ಜನರೇ ಇಲ್ಲದ ದ್ವೀಪದಲ್ಲಿ ಹಿಮ ಕರಗಿದ್ರೆ ದೇವಸಮುದ್ರದ ಶೇಂಗಾ ರೈತನಿಗೇನು?

2025ರ ಏಪ್ರಿಲ್‌ನಲ್ಲಿ ಅಮೆರಿಕ ಜಗತ್ತಿನ ಬಹುತೇಕ ಎಲ್ಲಾ ಕಡೆಯ ಸರಕಿಗೂ ಸುಂಕ ಹಾಕಿತಲ್ಲ, ಆಗ ಒಂದು ಮೀಮ್ ನಿಮ್ಮ ವಾಟ್ಸಾಪಿಗೂ ಬಂದಿರಬಹುದು. "ಪೆಂಗ್ವಿನ್‌ಗಳಿಗೂ ಸುಂಕ!" ಅಂತ. ಆ ಪಟ್ಟಿಯಲ್ಲಿ ಹರ್ಡ್ ಮತ್ತು ಮೆಕ್‌ಡೊನಾಲ್ಡ್ ದ್ವೀಪಗಳ ಹೆಸರಿತ್ತು. ಅಲ್ಲಿ ಪೆಂಗ್ವಿನ್, ಸೀಲ್, ಹಕ್ಕಿಗಳಿವೆ. ಊರಿಲ್ಲ, ಹೊಲ ಇಲ್ಲ, ಮನುಷ್ಯರ ವಾಸವೇ ಇಲ್ಲ. ನಕ್ಕು ಫಾರ್ವರ್ಡ್ ಮಾಡಿ ಮರೆತುಬಿಟ್ವಿ. ಆದರೆ ಮಳೆ ನಂಬಿ ಬಿತ್ತುವ ನಮ್ಮಂಥವರು ಆ ಹರ್ಡ್ ದ್ವೀಪದ ಬಗ್ಗೆ ಸ್ವಲ್ಪ ತಿಳ್ಕೊಳ್ಳೋದು ಒಳ್ಳೇದು. ಯಾಕೆ ಅಂತ ಹೇಳ್ತೀನಿ.

ಎಲ್ಲಿದೆ ಈ ದ್ವೀಪ?

ಗೋವಾದ ಪಣಜಿಯಿಂದ ನೇರ ದಕ್ಷಿಣಕ್ಕೆ ಒಂದು ಗೆರೆ ಎಳೀರಿ. ಮಾಲ್ಡೀವ್ಸ್ ದಾಟಿದ ಮೇಲೆ ಬರೀ ಸಮುದ್ರ. ಸುಮಾರು 7,500 ಕಿ.ಮೀ. ಹೋದರೆ ಹಿಂದೂ ಮಹಾಸಾಗರದ ತುದಿಯಲ್ಲಿ ಹರ್ಡ್ ದ್ವೀಪ ಸಿಗುತ್ತೆ. ಆಡಳಿತ ಆಸ್ಟ್ರೇಲಿಯಾದ್ದು. 1997ರಿಂದ ಯುನೆಸ್ಕೋ ವಿಶ್ವ ಪರಂಪರೆ ತಾಣ.

ದ್ವೀಪದ ನಡುವೆ 'ಬಿಗ್ ಬೆನ್' ಅನ್ನೋ ಜೀವಂತ ಜ್ವಾಲಾಮುಖಿ. ಅದರ ತುದಿ 2,745 ಮೀಟರ್, ಅಂದ್ರೆ ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 800 ಮೀಟರ್ ಎತ್ತರ. ಒಳಗೆ ಬೆಂಕಿ, ಮೈಮೇಲೆ ಹಿಮ. ಆ ಹಿಮ ಬೆಟ್ಟದಿಂದ ನಿಧಾನಕ್ಕೆ ಜಾರಿ ಸಮುದ್ರದ ಕಡೆಗೆ ಬರುತ್ತೆ. ಇವೇ ಹಿಮನದಿಗಳು.

1947ರಲ್ಲಿ ಆಸ್ಟ್ರೇಲಿಯಾ ಅಲ್ಲೊಂದು ಸಂಶೋಧನಾ ಠಾಣೆ ತೆರೆಯಿತು, ಕೆಲವೇ ವರ್ಷಗಳಲ್ಲಿ ಮುಚ್ಚಿತು. ಆ ಕಾಲದ ನಕ್ಷೆ, ಫೋಟೋಗಳನ್ನು ಈಗಿನ ಉಪಗ್ರಹ ಚಿತ್ರಗಳ ಪಕ್ಕ ಇಟ್ಟು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ:

- 1947ರಲ್ಲಿ ಹಿಮ ಇದ್ದ ಜಾಗ: ಸುಮಾರು 289 ಚದರ ಕಿ.ಮೀ.
- 1988ರಲ್ಲಿ: ಸುಮಾರು 260 ಚದರ ಕಿ.ಮೀ.
- 2019ರಲ್ಲಿ: ಸುಮಾರು 226 ಚದರ ಕಿ.ಮೀ.

ಹೆಚ್ಚುಕಡಿಮೆ ಕಾಲು ಭಾಗ ಹೋಯ್ತು. ನಮ್ಮ ಲೆಕ್ಕದಲ್ಲಿ 15 ಸಾವಿರ ಎಕರೆಗೂ ಹೆಚ್ಚು. ಇನ್ನೊಂದು ವಿಷಯ ಗಮನಿಸಿ. ಮೊದಲ 41 ವರ್ಷದಲ್ಲಿ ಹೋದದ್ದಕ್ಕಿಂತ ನಂತರದ 31 ವರ್ಷದಲ್ಲಿ ಹೋದದ್ದೇ ಜಾಸ್ತಿ. ಕರಗುವ ವೇಗ ಏರ್ತಾ ಇದೆ. ಪೂರ್ವ ದಿಕ್ಕಿನ ಸ್ಟೀಫನ್ಸನ್ ಹಿಮನದಿಯೊಂದೇ ಸುಮಾರು 6 ಕಿ.ಮೀ. ಹಿಂದೆ ಸರಿದಿದೆ. ಅದು ಇದ್ದ ಜಾಗದಲ್ಲಿ ಈಗ ನೀರು ನಿಂತಿದೆ. ನೀರು ತಗುಲಿದ ಹಿಮ ಇನ್ನೂ ಬೇಗ ಮುರಿದು ಬೀಳುತ್ತೆ.

ಈ ಅವಧಿಯಲ್ಲಿ ಅಲ್ಲಿ ಏರಿದ ಉಷ್ಣಾಂಶ ಎಷ್ಟು ಗೊತ್ತಾ? ಬರೀ 0.7 ಡಿಗ್ರಿ.

ಅಷ್ಟಕ್ಕೇ ಇಷ್ಟೊಂದಾ?

ಹಿಮನದಿಯನ್ನ ಒಂದು ಬ್ಯಾಂಕ್ ಖಾತೆ ಅಂದ್ಕೊಳ್ಳಿ. ಮೇಲ್ಗಡೆ ಬೀಳುವ ಹಿಮ ಜಮಾ, ಕೆಳಗಡೆ ಕರಗುವುದು ಖರ್ಚು. ಎರಡೂ ಸಮ ಇದ್ದರೆ ಹಿಮನದಿ ಇದ್ದಲ್ಲೇ ಇರುತ್ತೆ.

ಹರ್ಡ್ ದ್ವೀಪದ ಸಮುದ್ರ ಮಟ್ಟದಲ್ಲಿ ಗಾಳಿಯ ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆಡುತ್ತೆ. ಸೊನ್ನೆಯ ಗಡಿಯಲ್ಲಿರುವ ಕಡೆ ಸ್ವಲ್ಪ ಬಿಸಿ ಏರಿದರೂ ಎರಡು ಪೆಟ್ಟು. ಹಿಮವಾಗಿ ಬೀಳಬೇಕಾದ್ದು ಮಳೆಯಾಗಿ ಬಿದ್ದು ಹರಿದು ಹೋಗುತ್ತೆ, ಜಮಾ ಕಡಿಮೆ. ಕರಗುವ ದಿನಗಳು ಹೆಚ್ಚುತ್ತವೆ, ಖರ್ಚು ಜಾಸ್ತಿ.

"ಜ್ವಾಲಾಮುಖಿ ಇದೆಯಲ್ಲ, ಅದರ ಬಿಸಿಗೆ ಕರಗಿರಬಹುದು" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಲಾವಾದ ಬಿಸಿ ತಾಗೋದು ಅದು ಉಕ್ಕಿ ಹರಿದ ಜಾಗಕ್ಕೆ ಮಾತ್ರ. ದ್ವೀಪದ ಉದ್ದಗಲಕ್ಕೂ, ಅದರಲ್ಲೂ ತಗ್ಗಿನಲ್ಲಿರುವ ಹಿಮನದಿಗಳು ದಶಕಗಳ ಕಾಲ ಒಟ್ಟಿಗೆ ಸರಿಯುತ್ತಿವೆ ಅಂದ್ರೆ ಕಾರಣ ಗಾಳಿಯ ಬಿಸಿ.

ಇದು ಜಗತ್ತಿನ ಖಾಲಿ ತಾಕು

ಹಿರಿಯೂರಿನ ಬಬ್ಬೂರು ಫಾರಂಗೆ ಹೋದವರು ನೋಡಿರ್ತೀರಿ. ಪ್ರಯೋಗ ಮಾಡುವಾಗ ಒಂದು ತಾಕಿಗೆ ಗೊಬ್ಬರ ಹಾಕ್ತಾರೆ, ಪಕ್ಕದ ತಾಕಿಗೆ ಏನೂ ಹಾಕದೆ ಬಿಡ್ತಾರೆ. ಆ ಖಾಲಿ ತಾಕು ಇಲ್ಲದಿದ್ದರೆ ಬೆಳೆ ಚೆನ್ನಾಗಿ ಬಂದದ್ದು ಗೊಬ್ಬರದಿಂದಲೋ ಮಳೆಯಿಂದಲೋ ಗೊತ್ತಾಗಲ್ಲ.

ಹರ್ಡ್ ದ್ವೀಪ ಅಂಥ ಖಾಲಿ ತಾಕು. ಅಲ್ಲಿ ಯಾರೂ ಮರ ಕಡಿಯಲಿಲ್ಲ, ಬೋರ್ ಕೊರೆಯಲಿಲ್ಲ, ಕೆರೆ ಒತ್ತುವರಿ ಮಾಡಲಿಲ್ಲ. ಆದರೂ ಹಿಮ ಕರಗಿದೆ. ಬೇರೆಲ್ಲೋ ಸುಟ್ಟ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ನ ಹೊಗೆ ಇಡೀ ಭೂಮಿಯನ್ನ ಬಿಸಿ ಮಾಡಿದೆ ಅನ್ನೋದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಈಗ ನಮ್ಮ ಊರಿಗೆ ಬನ್ನಿ. ದೇವಸಮುದ್ರ ಹೋಬಳಿ, ಮೊಳಕಾಲ್ಮುರು, ಚಳ್ಳಕೆರೆ ಸೀಮೆಯಲ್ಲಿ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ. ಅದರ ಮೇಲೆ ಶೇಂಗಾ. ಕಟ್ಟೆ ಮೇಲೆ ಕೂತರೆ ಎರಡು ಮಾತು ಕೇಳ್ತೀವಿ. ಒಂದು, "ಎಲ್ಲಾ ನಮ್ಮೂರಿನ ಕರ್ಮ, ಮರ ಕಡಿದ್ವಿ, ಮಳೆ ಹೋಯ್ತು." ಇನ್ನೊಂದು, "ಹವಾಮಾನವೇ ಕೆಟ್ಟಿದೆ, ನಮ್ಮ ಕೈಲೇನಿದೆ?" ಎರಡೂ ಅರ್ಧ ಸತ್ಯ.

ಬಿಸಿ ನಮ್ಮೊಬ್ಬರ ಕರ್ಮ ಅಲ್ಲ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಕೊಟ್ಟ ವರದಿ ಪ್ರಕಾರ 1901ರಿಂದ 2018ರೊಳಗೆ ಭಾರತದ ಸರಾಸರಿ ಉಷ್ಣಾಂಶ ಏರಿದ್ದು ಸುಮಾರು 0.7 ಡಿಗ್ರಿ. ಬಿಸಿ ಗಾಳಿ ಹೆಚ್ಚು ತೇವ ಹಿಡಿಯುತ್ತೆ, ಪ್ರತಿ ಡಿಗ್ರಿಗೆ ಸುಮಾರು ಶೇ. 7ರಷ್ಟು. ಅದಕ್ಕೇ ಮಳೆ ನಡುವಿನ ಬಿಡುವಿನಲ್ಲಿ ಮಣ್ಣು ಬೇಗ ಒಣಗುತ್ತೆ, ಬಂದಾಗ ಮಳೆ ಹೊಡೆದಂಗೆ ಬರುತ್ತೆ. ಒಂದು ವರ್ಷದ ಬರಕ್ಕೆ ಇದೊಂದೇ ಕಾರಣ ಅನ್ನೋಕಾಗಲ್ಲ, ಆದರೆ ಈ ಏರುಪೇರನ್ನ ನಾವೇ ನೋಡಿದೀವಿ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿತ್ತು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ, ನಮ್ಮವೂ ಸೇರಿ.

ಆದರೆ ನೆಲದೊಳಗಿನ ನೀರು ಖಾಲಿಯಾಗಿದ್ದಕ್ಕೆ ಬಿಸಿಯನ್ನ ಮಾತ್ರ ಬೈದರೆ ಆಗಲ್ಲ. ಅಂತರ್ಜಲವೂ ಹಿಮನದಿ ಥರದ್ದೇ ಖಾತೆ. ಇಂಗಿದ್ದು ಜಮಾ, ಎತ್ತಿದ್ದು ಖರ್ಚು. ಆ ಖಾತೆಯ ಪಾಸ್‌ಬುಕ್ ನಮ್ಮ ಕೈಯಲ್ಲೇ ಇದೆ.

ಒಂದು ದೊಡ್ಡ ವ್ಯತ್ಯಾಸ ಇದೆ, ಅದೇ ನಮಗೆ ಭರವಸೆ. ಸರಿದು ಹೋದ ಹಿಮನದಿ ನಮ್ಮ ಜೀವಮಾನದಲ್ಲಿ ವಾಪಸ್ ಬರಲ್ಲ. ಕೆರೆ, ಬಾವಿ ಹಾಗಲ್ಲ. ತಡೆದು ನಿಲ್ಲಿಸಿದ್ರೆ ಒಂದೆರಡು ಒಳ್ಳೆ ಮಳೆಗೆ ತುಂಬುತ್ತವೆ.

ಹಾಗಾದ್ರೆ ನಾವು ಏನು ಮಾಡ್ಬೇಕು?

ಮೊದಲು ಒಂದು ಲೆಕ್ಕ ನೆನಪಿಡಿ. ಒಂದು ಎಕರೆಗೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 20 ಮಿ.ಮೀ. ಹದ ಮಳೆಗೆ 80 ಸಾವಿರ ಲೀಟರ್. 5,000 ಲೀಟರಿನ ಟ್ಯಾಂಕರ್ ಆದರೆ 16 ಟ್ಯಾಂಕರ್, ಪುಗಸಟ್ಟೆ. ಅದು ಹೊಲದಲ್ಲೇ ನಿಲ್ಲುತ್ತೋ ಹಳ್ಳ ಸೇರುತ್ತೋ ಅನ್ನೋದೇ ಪ್ರಶ್ನೆ.

1. ಮಳೆ ಅಳೀರಿ. ನೇರ ಗೋಡೆಯ, ತಳ ಸಮ ಇರುವ ಡಬ್ಬ ಬಯಲಲ್ಲಿಡಿ. ಬೆಳಿಗ್ಗೆ ಸ್ಕೇಲ್ ಇಟ್ಟು ಮಿ.ಮೀ. ನೋಡಿ ಮೊಬೈಲ್‌ನಲ್ಲಿ ಬರೆದಿಡಿ. 1947ರ ನಕ್ಷೆ ಇರದಿದ್ದರೆ ಹರ್ಡ್ ದ್ವೀಪದ ಕಥೆಯೇ ಗೊತ್ತಾಗ್ತಿರಲಿಲ್ಲ. ಹತ್ತು ವರ್ಷದ ನಿಮ್ಮ ಹೊಲದ ಲೆಕ್ಕ ಯಾವ ಆಪ್‌ನಲ್ಲೂ ಸಿಗಲ್ಲ. ಮುನ್ಸೂಚನೆಗೆ ಹವಾಮಾನ ಇಲಾಖೆಯ 'ಮೇಘದೂತ್' ಆಪ್ ಇಟ್ಕೊಳ್ಳಿ.

2. ಇಳಿಜಾರಿಗೆ ಅಡ್ಡ ಬಿತ್ತಿ. ಬದು ಒಡೆದಿದ್ದರೆ ಬಿತ್ತನೆಗೆ ಮುಂಚೆಯೇ ಸರಿಮಾಡಿ. ಕೆಲವು ಸಾಲಿಗೊಂದು ಆಳವಾದ ಸಾಲು ಬಿಟ್ಟರೆ ಹೊಡೆದು ಬಂದ ಮಳೆ ಅಲ್ಲೇ ಇಂಗುತ್ತೆ.

3. ಅಕ್ಕಡಿ ಬಿಡಬೇಡಿ. ಬರೀ ಶೇಂಗಾ ಬೇಡ. ನಡುವೆ ತೊಗರಿ ಸಾಲು ಇರಲಿ. ಹೂ ಬಿಟ್ಟು ಊಡು ಇಳಿಯೋ ಹೊತ್ತಿಗೆ ಮಳೆ ಕೈಕೊಟ್ಟರೆ ಶೇಂಗಾಕ್ಕೆ ಹೊಡೆತ. ಆಳಕ್ಕೆ ಬೇರು ಬಿಡುವ ತೊಗರಿ ಹಿಂಗಾರಿಗೆ ಕೈ ಹಿಡಿಯುತ್ತೆ. ಒಂದಿಷ್ಟು ಜಾಗದಲ್ಲಿ ನವಣೆ, ಸಜ್ಜೆ.

4. ಕೆರೆ ಗೋಡು, ಕೊಟ್ಟಿಗೆ ಗೊಬ್ಬರ. ನಮ್ಮ ಕೆಂಪು ಮರಳು ಮಣ್ಣು ತೇವ ಹಿಡಿಯಲ್ಲ. ಬೇಸಿಗೆಯಲ್ಲಿ ಗೋಡು ಹೊಡೆದರೆ ಕೆರೆಗೂ ಜಾಗ, ಹೊಲಕ್ಕೂ ತೇವ.

5. ಬೋರ್ ಸುತ್ತ ಇಂಗುಗುಂಡಿ. ದಪ್ಪ ಕಲ್ಲು, ಜಲ್ಲಿ, ಮರಳು ಪದರಪದರವಾಗಿ ತುಂಬಿ. ರಾಡಿ ನೀರು ನೇರ ಕೇಸಿಂಗ್ ಪೈಪಿಗೆ ಬಿಡಬೇಡಿ. ಜಾಗ ಇದ್ದವರು ಕೃಷಿ ಹೊಂಡಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಇವು ಯಾವುವೂ ಭೂಮಿಯ ಬಿಸಿ ಇಳಿಸಲ್ಲ, ಸುಳ್ಳು ಹೇಳಲ್ಲ. ಅದು ಸರ್ಕಾರಗಳು, ದೊಡ್ಡ ದೇಶಗಳು ಮಾಡಬೇಕಾದ ಕೆಲಸ, ಅದನ್ನ ಕೇಳುವ ಹಕ್ಕು ನಮಗಿದೆ. ಹೊಗೆ ಕಡಿಮೆ ಬಿಟ್ಟವರಿಗೇ ಪೆಟ್ಟು ಜಾಸ್ತಿ ಅನ್ನೋದನ್ನ ಹೇಳೋಕೆ ದೇವಸಮುದ್ರದ ಒಣಬೇಸಾಯದ ರೈತನಿಗಿಂತ ಯೋಗ್ಯರು ಯಾರಿದ್ದಾರೆ?

ಹಿಮನದಿ ಅಧ್ಯಯನ ನಮಗೆ ತೀರಾ ದೂರದ್ದೂ ಅಲ್ಲ. ಬೆಂಗಳೂರಿನ ಐಐಎಸ್‌ಸಿಯ ದಿವೇಚ ಕೇಂದ್ರದವರು ಹಿಮಾಲಯದ ಹಿಮನದಿಗಳನ್ನ ಉಪಗ್ರಹ ಚಿತ್ರಗಳಿಂದ ಅಳೀತಾರೆ. ಅದೇ ಐಐಎಸ್‌ಸಿಯ ಇನ್ನೊಂದು ಕ್ಯಾಂಪಸ್ ಚಳ್ಳಕೆರೆಯ ಕುದಾಪುರದಲ್ಲಿದೆ. ಓದುವ ತಮ್ಮ-ತಂಗಿಯರು ಮನೆಯಲ್ಲಿದ್ದರೆ ಇದನ್ನ ಅವರಿಗೂ ತಿಳಿಸಿ.

ಈ ವಾರದ ಕೆಲಸ ಇಷ್ಟೇ: ಒಂದು ಡಬ್ಬ ಹುಡುಕಿ, ಹೊಲದಲ್ಲಿಡಿ. ಮುಂದಿನ ಮಳೆ ಎಷ್ಟು ಮಿ.ಮೀ. ಬಂತು, ಅದರಲ್ಲಿ ಎಷ್ಟು ಬದು ದಾಟಿ ಹೋಯ್ತು ಅಂತ ನೀವೇ ನೋಡಿ.