ಇತರ ಅಂಶಗಳು ಸ್ಥಿರವಾಗಿದ್ದರೆ ಬೆಲೆ ಎಷ್ಟಿರುತ್ತಿತ್ತು?

ನಮ್ಮ ಬೀದಿಯಲ್ಲಿ ಮೊದಲು ಎರಡು ಸ್ಟೇಷನರಿ ಅಂಗಡಿಗಳಿದ್ದವು. ಎರಡರಲ್ಲೂ ನೋಟ್‌ಬುಕ್ ಮೇಲೆ 10 ಪರ್ಸೆಂಟ್ ಬಿಡುತ್ತಿದ್ದರು. ಕಳೆದ ವರ್ಷ ಒಂದು ಅಂಗಡಿ ಮುಚ್ಚಿತು. ಈ ವರ್ಷ ಪುಸ್ತಕ ಕೊಳ್ಳಲು ಹೋದಾಗ ಉಳಿದ ಅಂಗಡಿಯವರು ಪೂರ್ತಿ ಬೆಲೆ ತೆಗೆದುಕೊಂಡರು. ನಾವು ಮೂರು ಜನ ಮಕ್ಕಳು ಓದುವ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. "ಎದುರು ಅಂಗಡಿ ಇಲ್ಲವಲ್ಲ, ಅದಕ್ಕೇ" ಎಂದರು ಅಮ್ಮಿ. ಅಂಗಡಿಯವರು "ಬಾಡಿಗೆ ಏರಿದೆ, ನಮಗೆ ಸಿಗುವ ಕಮಿಷನ್ ಇಳಿದಿದೆ" ಎಂದರು. ಯಾರ ಮಾತು ಸರಿ?

ಇದೇ ಪ್ರಶ್ನೆಯನ್ನು ನ್ಯಾಯಾಲಯಕ್ಕಾಗಿ ಬಿಡಿಸುವುದು ಕೆಲವರ ವೃತ್ತಿ. ಅವರನ್ನು ಆರ್ಥಿಕ ಸಲಹೆಗಾರರು ಎನ್ನುತ್ತಾರೆ. ದೊಡ್ಡ ಕಂಪನಿಗಳು ಒಂದಾದಾಗ, ಗುಟ್ಟಾಗಿ ಸೇರಿ ಬೆಲೆ ಏರಿಸಿದಾಗ ಅಥವಾ ಸುಳ್ಳು ಜಾಹೀರಾತಿನಿಂದ ಗ್ರಾಹಕರಿಗೆ ನಷ್ಟವಾದಾಗ ಇವರು ಲೆಕ್ಕ ಹಾಕಿ ಸಾಕ್ಷಿ ಹೇಳುತ್ತಾರೆ.

ಬೇಡಿಕೆಯ ನಿಯಮ ಬರೆಯುವಾಗ ನಾವೆಲ್ಲ "ಇತರ ಅಂಶಗಳು ಸ್ಥಿರವಾಗಿದ್ದಾಗ" ಎಂದು ಬಾಯಿಪಾಠ ಮಾಡಿ ಬರೆಯುತ್ತೇವೆ. ಬರೆಯದಿದ್ದರೆ ಒಂದು ಅಂಕ ಹೋಗುತ್ತದೆ. ಆದರೆ ನಿಜವಾದ ಮಾರುಕಟ್ಟೆಯಲ್ಲಿ ಯಾವುದೂ ಸ್ಥಿರವಾಗಿರುವುದಿಲ್ಲ. ಬಾಡಿಗೆ, ಸಂಬಳ, ಕಾಗದದ ಬೆಲೆ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಅವುಗಳ ಪ್ರಭಾವವನ್ನು ಬೇರೆ ಮಾಡಿ, ಸ್ಪರ್ಧೆ ಇಲ್ಲದ್ದರಿಂದಲೇ ಬೆಲೆ ಎಷ್ಟು ಏರಿತು ಎಂದು ತೋರಿಸುವುದೇ ಈ ಸಲಹೆಗಾರರ ಕೆಲಸ.

ಒಂದು ನಿಜವಾದ ಮೊಕದ್ದಮೆ ನೋಡೋಣ. ಅದೂ ಸ್ಟೇಷನರಿಯದ್ದೇ. ಅಮೆರಿಕದಲ್ಲಿ ಪೆನ್ನು, ಕಾಗದ, ಫೈಲು ಮಾರುವ ಮೂರು ದೊಡ್ಡ ಮಳಿಗೆ ಸರಣಿಗಳಿದ್ದವು: ಸ್ಟೇಪಲ್ಸ್, ಆಫೀಸ್ ಡಿಪೋ, ಆಫೀಸ್ ಮ್ಯಾಕ್ಸ್. 1996ರಲ್ಲಿ ಸ್ಟೇಪಲ್ಸ್, ಆಫೀಸ್ ಡಿಪೋವನ್ನು ಕೊಳ್ಳುವುದಾಗಿ ಪ್ರಕಟಿಸಿತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1997ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಕಂಪನಿಗಳ ವಾದ ಸರಳವಾಗಿತ್ತು: "ಪೆನ್ನು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಒಟ್ಟು ಮಾರಾಟದಲ್ಲಿ ನಮ್ಮಿಬ್ಬರ ಪಾಲು ಕೇವಲ 5.5 ಪರ್ಸೆಂಟ್. ನಾವು ಹೇಗೆ ಏಕಸ್ವಾಮ್ಯ ಆಗುತ್ತೇವೆ?"

ಅರ್ಥಶಾಸ್ತ್ರಜ್ಞರು ಊರಿಂದ ಊರಿಗೆ ಬೆಲೆಗಳನ್ನು ಹೋಲಿಸಿದರು. ಈ ಮೂರರಲ್ಲಿ ಸ್ಟೇಪಲ್ಸ್ ಒಂದೇ ಇದ್ದ ಊರುಗಳಲ್ಲಿ ಅದರ ಬೆಲೆ, ಮೂರೂ ಇದ್ದ ಊರುಗಳಿಗಿಂತ 13 ಪರ್ಸೆಂಟ್ ಹೆಚ್ಚಿತ್ತು. ಎಲ್ಲ ಅಂಗಡಿಯಲ್ಲೂ ಪೆನ್ನು ಸಿಗುವುದೇ ಸಾಕಾಗಿದ್ದರೆ ಈ ವ್ಯತ್ಯಾಸ ಬರಬಾರದಿತ್ತು. ಆದರೆ ಊರಿಗೊಂದು ಬಾಡಿಗೆ, ಊರಿಗೊಂದು ಸಂಬಳ ಇರುತ್ತದಲ್ಲ? ಅದಕ್ಕಾಗಿ ಒಂದೇ ಮಳಿಗೆಯ ಬೆಲೆ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ಎರಡೂ ಕಡೆ ದೊಡ್ಡ ಅರ್ಥಶಾಸ್ತ್ರಜ್ಞರಿದ್ದರು. ಸರ್ಕಾರದ ಕಡೆ ಪ್ರಿನ್ಸ್‌ಟನ್‌ನ ಆರ್ಲಿ ಆಶೆನ್‌ಫೆಲ್ಟರ್, ಕಂಪನಿಗಳ ಕಡೆ ಎಂಐಟಿಯ ಜೆರಿ ಹಾಸ್‌ಮನ್. ವಿಲೀನದಿಂದ ಬೆಲೆ ಎಷ್ಟು ಏರುತ್ತದೆ ಎಂಬ ಇಬ್ಬರ ಅಂದಾಜಿನಲ್ಲಿ ತುಂಬ ಅಂತರವಿತ್ತು. ಅಂಕಿ ಅಂಶ ತಾನಾಗಿ ಮಾತಾಡುವುದಿಲ್ಲ ಎಂದು ಇದರಿಂದ ತಿಳಿಯುತ್ತದೆ. ಯಾವ ಊರನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರತಿ ತೀರ್ಮಾನಕ್ಕೂ ತಜ್ಞರು ನ್ಯಾಯಾಧೀಶರ ಮುಂದೆ ಕಾರಣ ಕೊಡಬೇಕು. ಹಣ ಕೊಟ್ಟವರಿಗೆ ಬೇಕಾದ ಉತ್ತರ ಮೊದಲೇ ಇಟ್ಟುಕೊಂಡು ಲೆಕ್ಕ ಮಾಡಿದರೆ ಎದುರು ಪಕ್ಷದ ತಜ್ಞರು ಅದನ್ನು ಹುಡುಕಿ ತೋರಿಸುತ್ತಾರೆ. 1997ರ ಜೂನ್ 30ರಂದು ನ್ಯಾಯಾಧೀಶ ಥಾಮಸ್ ಹೋಗನ್ ವಿಲೀನಕ್ಕೆ ತಡೆ ನೀಡಿದರು.

2013ರಲ್ಲಿ ಆಫೀಸ್ ಡಿಪೋ ಮತ್ತು ಆಫೀಸ್ ಮ್ಯಾಕ್ಸ್ ಒಂದಾಗಲು ಹೊರಟಾಗ ಅದೇ ಕಮಿಷನ್ ತಡೆಯಲಿಲ್ಲ. ಅಷ್ಟರಲ್ಲಿ ಆನ್‌ಲೈನ್ ಮಾರಾಟ ಬೆಳೆದು ಮಾರುಕಟ್ಟೆಯೇ ಬದಲಾಗಿತ್ತು. ಹಳೆಯ ಉತ್ತರವನ್ನು ಹೊಸ ಪ್ರಶ್ನೆಗೆ ಬರೆಯುವಂತಿಲ್ಲ.

ನಮ್ಮ ದೇಶದಲ್ಲೂ 2002ರ ಸ್ಪರ್ಧಾ ಕಾಯ್ದೆ ಇದೆ. ಅದರ ಪ್ರಕಾರ ಭಾರತೀಯ ಸ್ಪರ್ಧಾ ಆಯೋಗವು ಅರ್ಥಶಾಸ್ತ್ರ, ವಾಣಿಜ್ಯ, ಲೆಕ್ಕಶಾಸ್ತ್ರದ ತಜ್ಞರ ನೆರವು ಪಡೆಯಬಹುದು. ಕಾಮರ್ಸ್ ಎಂದರೆ ಸಿಎ ಅಥವಾ ಬ್ಯಾಂಕ್ ಮಾತ್ರ ಎಂದುಕೊಂಡಿದ್ದ ನನಗೆ ಇದು ಹೊಸ ದಾರಿ. ಅದಕ್ಕೆ ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಎರಡನ್ನೂ ಚೆನ್ನಾಗಿ ಓದಬೇಕು.

ಇದನ್ನು ಬರೆಯುವ ಮೊದಲು ನಾನು ಇನ್ನೊಂದು ಬಡಾವಣೆಗೆ ಹೋಗಿ ನೋಡಿದೆ. ಅಲ್ಲಿ ಎರಡು ಅಂಗಡಿಗಳಿವೆ, ಇನ್ನೂ 10 ಪರ್ಸೆಂಟ್ ಬಿಡುತ್ತಾರೆ. ಮನೆಗೆ ಬಂದು ಹೇಳಿದಾಗ ಅಮ್ಮಿ "ನಾನು ಹೇಳಲಿಲ್ಲವಾ?" ಎಂದರು. ಆದರೆ ಅಲ್ಲಿನ ಬಾಡಿಗೆ ಏರಿದೆಯೋ ಇಲ್ಲವೋ ನಾನು ಕೇಳಿರಲಿಲ್ಲ. ಮುಂದಿನ ವಾರ ಕೇಳಬೇಕು. ಅಲ್ಲಿಯವರೆಗೆ ನಮ್ಮ ಬೀದಿಯ ಅಂಗಡಿಯವರನ್ನು ತಪ್ಪಿತಸ್ಥರು ಎನ್ನುವಂತಿಲ್ಲ.