ವಿಕ್ಟರ್ ತ್ಸೋಯ್ ಮತ್ತು ಅಭಿಮಾನಿಗಳ ಸ್ಮರಣಪರಂಪರೆ

ಕವಿಯು ಕಾಲವಾದ ಬಳಿಕ ಅವನ ಕೃತಿಯು ಯಾರ ವಶದಲ್ಲಿ ಉಳಿಯುವುದೆಂಬ ಪ್ರಶ್ನೆ ಹಳೆಯದು. ಗ್ರಂಥಸ್ಥವಾದ ಕಾವ್ಯಕ್ಕೆ ಸಂಪಾದಕರೂ ವ್ಯಾಖ್ಯಾನಕಾರರೂ ಉಂಟು. ಹಾಡಿನ ಮೂಲಕವೇ ಪ್ರಚಾರಕ್ಕೆ ಬಂದ ಕವಿತೆಗಾದರೋ ಕೇಳಿದವರ ನೆನಪೇ ಬಹುಮಟ್ಟಿಗೆ ಆಶ್ರಯ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಹುಟ್ಟಿ ಅನ್ಯದೇಶಗಳಿಗೂ ಹಬ್ಬಿದ ರಾಕ್ ಸಂಗೀತವು ಈ ಎರಡನೆಯ ವರ್ಗಕ್ಕೆ ಸೇರಿದುದು. ಆ ಪದ್ಧತಿಯನ್ನನುಸರಿಸಿ ರಷ್ಯನ್ ಭಾಷೆಯಲ್ಲಿ ಹಾಡು ಕಟ್ಟಿ ಹಾಡಿದ ವಿಕ್ಟರ್ ತ್ಸೋಯ್ ಎಂಬಾತನ ಮರಣಾನಂತರ ಅವನ ಅಭಿಮಾನಿಗಳು ನಡೆಸಿಕೊಂಡು ಬಂದಿರುವ ಸ್ಮರಣವಿಧಿಯು ಈ ಪ್ರಶ್ನೆಯ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

ತ್ಸೋಯ್ 1962ನೆಯ ಇಸವಿ ಜೂನ್ 21ರಂದು ಲೆನಿನ್‌ಗ್ರಾಡ್ ನಗರದಲ್ಲಿ ಜನಿಸಿದನು. ತಂದೆ ಕೊರಿಯನ್ ವಂಶದವನು, ತಾಯಿ ರಷ್ಯನ್ ಸ್ತ್ರೀ. 1981ರಲ್ಲಿ ಆ ನಗರದಲ್ಲಿ ರಾಕ್ ಗಾಯಕರ ಸಂಘವೊಂದು ಸ್ಥಾಪಿತವಾಯಿತು. ಅದೇ ಸುಮಾರಿನಲ್ಲಿ 'ಕಿನೋ', ಎಂದರೆ ಚಲನಚಿತ್ರ, ಎಂಬ ಹೆಸರಿನ ಅವನ ಮೇಳವೂ ರೂಪುಗೊಂಡಿತು. ಧ್ವನಿಮುದ್ರಣವು ಸರ್ಕಾರದ ಕೈಯಲ್ಲಿದ್ದ ಆ ಕಾಲದಲ್ಲಿ ಇಂತಹ ಹಾಡುಗಳು ಜನರ ಮನೆಗಳಲ್ಲಿ ಟೇಪಿನಿಂದ ಟೇಪಿಗೆ ಪ್ರತಿಯಾಗುತ್ತಿದ್ದುವು. ಓಲೆಯಿಂದ ಓಲೆಗೆ ಕಾವ್ಯವನ್ನು ಇಳಿಸಿದ ಲಿಪಿಕಾರರಂತೆ ಇಲ್ಲಿ ಕೇಳುಗನೇ ಪ್ರತಿಕಾರನು. ಉದ್ಯೋಗವಿಲ್ಲದಿರುವುದು ಸೋವಿಯೆತ್ ಕಾನೂನಿನಲ್ಲಿ ದಂಡನೀಯವಾದ ಅಪರಾಧವಾಗಿತ್ತಾದ ಕಾರಣ, ತ್ಸೋಯ್ ಕಟ್ಟಡಗಳಿಗೆ ಬಿಸಿನೀರೊದಗಿಸುವ ಕುಲುಮೆಯೊಂದರಲ್ಲಿ ಕಲ್ಲಿದ್ದಲು ತುಂಬುವ ಕೆಲಸ ಮಾಡುತ್ತಿದ್ದನು. 'ಕಾಮ್ಚಾತ್ಕಾ' ಎಂದು ಹೆಸರಾದ ಆ ಕುಲುಮೆಮನೆಯು ಮುಂದೆ ಅವನ ಸ್ಮಾರಕ ವಸ್ತುಸಂಗ್ರಹಾಲಯವಾಯಿತು. 1988ರಲ್ಲಿ ಬಂದ 'ರಕ್ತದ ಗುಂಪು' ಎಂಬರ್ಥದ ಗೀತಸಂಗ್ರಹವೂ 'ಇಗ್ಲಾ' ಎಂಬ ಚಲನಚಿತ್ರದಲ್ಲಿನ ಅಭಿನಯವೂ ಅವನ ಹೆಸರನ್ನು ದೇಶವ್ಯಾಪಿಯಾಗಿ ಮಾಡಿದುವು. 1990ರ ಜೂನ್ 24ರಂದು ಮಾಸ್ಕೋವಿನ ಲುಜ್ನಿಕಿ ಕ್ರೀಡಾಂಗಣದಲ್ಲಿ ಸಾವಿರಾರು ಜನರೆದುರಿಗೆ ಹಾಡಿದುದೇ ಅವನ ಕೊನೆಯ ಮಹಾಗೋಷ್ಠಿ.

ಅದೇ ವರ್ಷ ಆಗಸ್ಟ್ 15ರ ದಿನ, ಲಾಟ್ವಿಯ ದೇಶದಲ್ಲಿ, ಅವನು ತಾನೇ ನಡೆಸುತ್ತಿದ್ದ ಮೋಟಾರು ಬಸ್ಸೊಂದಕ್ಕೆ ಡಿಕ್ಕಿ ಹೊಡೆದು ಅವನು ಮೃತನಾದನು. ಆಗ ಅವನಿಗೆ 28 ವರ್ಷ. ಕೆಲದಿನಗಳಿಗೆ ಮುಂಚೆ ಕರಡಾಗಿ ಮುದ್ರಿಸಿಟ್ಟಿದ್ದ ಅವನ ಕಂಠಕ್ಕೆ ಜತೆಗಾರರು ವಾದ್ಯಗಳನ್ನು ಕೂಡಿಸಿ ಕೊನೆಯ ಸಂಗ್ರಹವನ್ನು ಹೊರತಂದರು. ಹೊದಿಕೆಯು ಬರಿಯ ಕಪ್ಪಾಗಿದ್ದುದರಿಂದ ಜನರು ಅದನ್ನು 'ಕಪ್ಪು ಸಂಪುಟ'ವೆಂದೇ ಕರೆದರು.

ಸಾವಿನ ವಾರ್ತೆ ಬಂದೊಡನೆ ಮಾಸ್ಕೋವಿನ ಅರ್ಬಾತ್ ಬೀದಿಗೆ ಸೇರಿದ ಒಂದು ಓಣಿಯ ಗೋಡೆಯ ಮೇಲೆ ತ್ಸೋಯ್ ತೀರಿಕೊಂಡನೆಂದು ಯಾರೋ ಬರೆದರೆಂದೂ, ಅದರ ಕೆಳಗೆ ಮತ್ತೊಬ್ಬರು 'ತ್ಸೋಯ್ ಜೀವಂತ' ಎಂದು ಉತ್ತರ ಬರೆದರೆಂದೂ ಪ್ರತೀತಿ. ಅಂದಿನಿಂದ ಆ ಗೋಡೆಯು ಅಭಿಮಾನಿಗಳ ಲೇಖನಗಳಿಂದ ತುಂಬುತ್ತ ಬಂದಿದೆ. ಅಲ್ಲಿ ಸಿಗರೇಟನ್ನು ಮುರಿದಿಟ್ಟು ಬರುವುದು ಒಂದು ಆಚಾರವಾಯಿತು. 2006ರಲ್ಲಿ ಅದರ ಮೇಲೆ ಬಣ್ಣ ಬಳಿಯಲಾಯಿತಾದರೂ ಬರಹಗಳು ಮತ್ತೆ ತುಂಬಿಕೊಂಡುವು. ಕಲ್ಲಿನ ಸ್ಮಾರಕವು ಒಮ್ಮೆ ನಿಂತು ಮುಗಿಯುತ್ತದೆ. ಈ ಗೋಡೆಯಾದರೋ ಪುನರ್ಲೇಖನದಿಂದಲೇ ಬಾಳುವಂಥದು.

ಆ ಎರಡು ಪದಗಳ ವಾಕ್ಯವನ್ನು ಸ್ವಲ್ಪ ಪರಿಶೀಲಿಸಬಹುದು. ಕನ್ನಡದಲ್ಲಿರುವಂತೆಯೇ ರಷ್ಯನ್ನಿನಲ್ಲಿಯೂ ವರ್ತಮಾನಾರ್ಥದ ಇಂತಹ ವಾಕ್ಯಕ್ಕೆ ಕ್ರಿಯಾಪದ ಬೇಕಾಗಿಲ್ಲ. ಅದರ ಛಾಯೆಯು ಮಾತ್ರ ಸಾಹಿತ್ಯದಿಂದ ಬಂದುದು. 1924ರಲ್ಲಿ ಲೆನಿನ್ ಮೃತನಾದಾಗ ಮಯಕೋವ್ಸ್ಕಿ ಕವಿಯು ರಚಿಸಿದ ಪದ್ಯದಿಂದ, ಅವನು ಇನ್ನೂ ಬದುಕಿದ್ದಾನೆಂಬ ಘೋಷಣೆಯು ಹಬ್ಬಿ, ಸರ್ಕಾರದ ಭಿತ್ತಿಗಳಲ್ಲೆಲ್ಲ ಕಾಣಿಸಿಕೊಂಡಿತ್ತು. ಪ್ರಭುತ್ವವು ತನ್ನ ನಾಯಕನಿಗೆ ಮೀಸಲಿಟ್ಟಿದ್ದ ಅಮರತ್ವದ ಸೂತ್ರವನ್ನು, ಅದೇ ಪ್ರಭುತ್ವವು ಕುಸಿಯುತ್ತಿದ್ದ ಕಾಲದಲ್ಲಿ, ತರುಣರು ಒಬ್ಬ ಹಾಡುಗಾರನಿಗೆ ವರ್ಗಾಯಿಸಿದರೆಂಬುದು ಗಮನಾರ್ಹ. ಆಲಂಕಾರಿಕರು ಯಶಃಶರೀರವೆಂದು ಕರೆದುದು ಇಲ್ಲಿ ಇದ್ದಲಿನಿಂದಲೂ ಬಣ್ಣದಿಂದಲೂ ಬರೆಯಲ್ಪಟ್ಟಿದೆ.

ಅಭಿಮಾನದ ಸ್ಮರಣೆಯು ಅರ್ಥವನ್ನೂ ಬದಲಾಯಿಸುತ್ತದೆ. 1987ರ 'ಅಸ್ಸಾ' ಎಂಬ ಚಲನಚಿತ್ರದ ಕೊನೆಯಲ್ಲಿ ಅವನು ಹಾಡುವ 'ಪೆರೆಮೆನ್' ಎಂಬ ಗೀತವೇ ಇದಕ್ಕೆ ಸಾಕ್ಷಿ. ಶೀರ್ಷಿಕೆಯ ಪದವು 'ಬದಲಾವಣೆ' ಎಂಬುದರ ಷಷ್ಠೀ ಬಹುವಚನ. ಕಾಯುವ ಮತ್ತು ಕೇಳುವ ಕ್ರಿಯೆಗಳಿಗೆ ಆ ಭಾಷೆಯಲ್ಲಿ ಷಷ್ಠಿಯು ಬರುವುದುಂಟು. ಎಂತಹ ಬದಲಾವಣೆಗಳೆಂಬುದನ್ನು ಶೀರ್ಷಿಕೆಯು ಹೇಳುವುದಿಲ್ಲ. ಅದು ರಾಜಕೀಯ ಗೀತವಲ್ಲ, ಮನುಷ್ಯನ ಅಂತರಂಗದ ಪರಿವರ್ತನೆಯನ್ನು ಕುರಿತದ್ದು ಎಂದು ಅವನ ನಿಕಟವರ್ತಿಗಳು ಹೇಳಿದ್ದಾರೆ. ಜನರಾದರೋ ಅದನ್ನು ಪೆರೆಸ್ತ್ರೋಯ್ಕಾ ಯುಗದ ಘೋಷಗೀತವನ್ನಾಗಿ ಸ್ವೀಕರಿಸಿದರು. 2020ರ ಆಗಸ್ಟ್ ತಿಂಗಳಲ್ಲಿ ಬೆಲಾರುಸ್ ದೇಶದ ಮಿನ್ಸ್ಕ್ ನಗರದಲ್ಲಿ ಸರ್ಕಾರದ ಸಮಾರಂಭವೊಂದರಲ್ಲಿ ಈ ಹಾಡನ್ನು ನುಡಿಸಿದ ಇಬ್ಬರು ಧ್ವನಿನಿರ್ವಾಹಕರಿಗೆ ಹತ್ತು ದಿನಗಳ ಸೆರೆವಾಸ ವಿಧಿಸಲ್ಪಟ್ಟಿತು. ಕರ್ತೃವು ಇಲ್ಲವಾಗಿ ಮೂವತ್ತು ವರ್ಷಗಳಾದ ಮೇಲೆ ಕೇಳುಗರು ಕೊಟ್ಟ ಅರ್ಥಕ್ಕಾಗಿ ದಂಡನೆಯೊದಗಿತೆಂದರೆ, ಆ ಅರ್ಥವನ್ನು ಕೇವಲ ಅಪವ್ಯಾಖ್ಯಾನವೆಂದು ತಳ್ಳಿಹಾಕುವುದು ಸುಲಭವಲ್ಲ.

ಆದರೂ ಈ ಪರಂಪರೆಯಿಂದ ನಷ್ಟವೂ ಉಂಟು. ಗೋಡೆಯು ವೀರನನ್ನು ಉಳಿಸುತ್ತದೆ. ಕವಿಯನ್ನು ಅಷ್ಟಾಗಿ ಉಳಿಸುವುದಿಲ್ಲ. 1982ರ '45' ಎಂಬ ಮೊದಲ ಸಂಗ್ರಹದಲ್ಲಿ ಇಷ್ಟವಿಲ್ಲದೆಡೆಗೆ ಕೊಂಡೊಯ್ಯುವ ರೈಲಿನಲ್ಲಿ ನಿಂತವನ ಪಾಡಿನಂತಹ ಸಣ್ಣ ಸಂಗತಿಗಳು, ತಿಳಿಹಾಸ್ಯದೊಡನೆ, ಆಡುಮಾತಿನಲ್ಲಿ ಬಂದಿವೆ. ಘೋಷಣೆಯ ಎತ್ತರದಲ್ಲಿ ಇವು ಮಸುಕಾಗುತ್ತವೆ. ಆದುದರಿಂದ ಇಂತಹ ಕವಿಯನ್ನು ಪಾಠ ಹೇಳುವವರ ಹೊಣೆ ಇಮ್ಮಡಿಯಾದುದು: ಜನರು ಕೊಟ್ಟ ಅರ್ಥವನ್ನು ಕೃತಿಯ ಚರಿತ್ರೆಯ ಭಾಗವೆಂದು ಅಂಗೀಕರಿಸಬೇಕು, ಜನರು ಬಿಟ್ಟುಬಿಟ್ಟ ಹಾಡುಗಳನ್ನು ಮರಳಿ ಓದಿಸಬೇಕು. ಮೊದಲನೆಯದನ್ನು ಅಭಿಮಾನಿಗಳು ಶ್ರದ್ಧೆಯಿಂದ ಮಾಡುತ್ತಲೇ ಇದ್ದಾರೆ. ಎರಡನೆಯದು ವಿದ್ವಾಂಸರ ಪಾಲಿನದು.